ಮಣ್ಣಿಗೆ ಬಾರದವರು ಈಗಲಾದರೂ ಬರಲಿ

ಪ್ರಶ್ನೆ: ನಾನು ನ್ಯಾಮತಿ ತಾಲ್ಲೂಕಿನ ಹಳ್ಳಿಯವಳು. ವಯಸ್ಸು 54. ತವರು ಜಗಳೂರು ಕಡೆ. 2021ರ ಮೇ ತಿಂಗಳಲ್ಲಿ ಕೊರೊನಾದಿಂದ ನಮ್ಮ ಯಜಮಾನರು ಆಸ್ಪತ್ರೆಯಲ್ಲೇ ತೀರಿಕೊಂಡರು. ಮುಖವನ್ನೂ ಸರಿಯಾಗಿ ನೋಡಲಿಲ್ಲ. ತೋಟದ ಮೂಲೆಯಲ್ಲಿ ಮಣ್ಣು ಮಾಡಿದೆವು, ಇದ್ದವರು ನಾಲ್ಕೇ ಜನ. ಊರಿನವರು ಯಾರೂ ಮಣ್ಣಿಗೆ ಬರಲಿಲ್ಲ, ಆಮೇಲೆ ಮಾತಾಡಿಸೋಕೂ ಬರಲಿಲ್ಲ. ಎರಡು ವರ್ಷಕ್ಕೆ ಬರ ಬಂತು. ಬೋರ್ ಬತ್ತಿತು. ಟ್ಯಾಂಕರ್ ನೀರು ಬಿಟ್ಟರೂ ಅರ್ಧ ಅಡಿಕೆ ತೋಟ ಒಣಗಿತು. ಬೆಂಗಳೂರಿನಲ್ಲಿರುವ ಮಗ ತೋಟ ಮಾರಿ ಬಾ ಅಂತಾನೆ. ಚನ್ನಗಿರಿಯಲ್ಲಿರೋ ತಂಗಿ ನಮ್ಮನೆಗೆ ಬಂದಿರು ಅಂತಾಳೆ. ಮೊದಲೆಲ್ಲ ಸೋಮವಾರ ಪೂಜೆ ಆಗದೆ ನೀರೂ ಕುಡಿದವಳಲ್ಲ. ಈಗ ದೇವರ ಮುಂದೆ ಕೂತರೆ ಗೋಡೆ ಮುಂದೆ ಕೂತ ಹಾಗಿರುತ್ತೆ. ರಾತ್ರಿ ಎರಡಕ್ಕೆ ಎಚ್ಚರಾದರೆ ಮುಗಿಯಿತು, ಮತ್ತೆ ನಿದ್ದೆ ಇಲ್ಲ. ಯಾವ ಸುಖಕ್ಕೆ ಬದುಕಬೇಕು ಅನಿಸುತ್ತೆ. ನನ್ನ ಭಕ್ತಿ ಎಲ್ಲಿ ಹೋಯಿತು ಮೇಡಂ?
(ಹೆಸರು ಬೇಡ)

ಉತ್ತರ: ಅಕ್ಕಾ, ನೀವು ಕೇಳಿರುವುದು ಭಕ್ತಿಯ ಬಗ್ಗೆ. ಆದರೆ ನಿಮ್ಮ ಕಾಗದದಲ್ಲಿ ಪೆನ್ನು ಒತ್ತಿ ಒತ್ತಿ ಹಾಳೆ ಹರಿಯುವಷ್ಟು ಗಟ್ಟಿಯಾಗಿ ಬರೆದಿರುವ ಸಾಲು ಬೇರೆಯೇ ಇದೆ: ‘ಯಾರೂ ಮಣ್ಣಿಗೆ ಬರಲಿಲ್ಲ.’ ನೋವು ಅಲ್ಲಿದೆ. ನಿಮ್ಮ ಭಕ್ತಿ ಎಲ್ಲಿಯೂ ಹೋಗಿಲ್ಲ. ಅದಕ್ಕೆ ಹೆಗಲು ಕೊಡಬೇಕಾಗಿದ್ದ ಜನ ಅವತ್ತು ಬರಲಿಲ್ಲ, ಅಷ್ಟೆ.

ನಮ್ಮ ಕಡೆ ಸಾವಿನ ಮನೆಗೆ ಹೋಗುವುದು ಬರೀ ರೂಢಿಯಲ್ಲ. ಜಗಳವಾಡಿ ಮಾತು ಬಿಟ್ಟವರೂ ಮಣ್ಣಿಗೆ ಹೋಗುತ್ತಾರೆ. ಮೂರು ದಿನ ಆ ಮನೆಯಲ್ಲಿ ಒಲೆ ಹಚ್ಚದಿದ್ದರೂ ಪಕ್ಕದ ಮನೆಯಿಂದ ಅನ್ನ ಬರುತ್ತದೆ. ಬಂದವರೆಲ್ಲ ಅದನ್ನೇ ಕೇಳುತ್ತಾರೆ, ‘ಹೆಂಗಾತು? ಎಷ್ಟೊತ್ತಿಗೆ ಹೋಯ್ತು ಜೀವ?’ ಹೆಂಡತಿಯಾದವಳು ನೂರು ಸಲ ಹೇಳುತ್ತಾಳೆ. ನೂರು ಸಲ ಹೇಳುವಷ್ಟರಲ್ಲಿ ಸಾವನ್ನು ಮನಸ್ಸು ಒಪ್ಪಿರುತ್ತದೆ. ನಿಮಗೆ ಒಂದು ಸಲವೂ ಹೇಳಲು ಸಿಗಲಿಲ್ಲ. 2021ರ ಮೇ 10ರಿಂದ ರಾಜ್ಯಕ್ಕೆ ಬೀಗ ಬಿದ್ದಿತ್ತು, ಅಂತ್ಯಕ್ರಿಯೆಗೆ ಐದಾರು ಜನ ಸೇರುವುದೇ ಹೆಚ್ಚು ಎಂಬ ಕಾಲ. ಹೇಳದೆ ಉಳಿದದ್ದೇ ಈಗ ರಾತ್ರಿ ಎರಡು ಗಂಟೆಗೆ ಎಬ್ಬಿಸುತ್ತಿದೆ ಎಂದು ನನಗೆ ಅನಿಸುತ್ತದೆ.

ಇನ್ನು ಊರಿನವರು. ಲಾಕ್‌ಡೌನ್ ಮುಗಿದ ಮೇಲಾದರೂ ಬರಬಹುದಿತ್ತು. ಬರಲಿಲ್ಲ, ಅದು ತಪ್ಪು. ಆದರೆ ಅವರೂ ಒಂದು ಭಾರ ಹೊತ್ತಿದ್ದಾರೆ. ಮೊದಲ ತಿಂಗಳು ಹೆದರಿಕೆಯಿಂದ ಬರಲಿಲ್ಲ. ಆರು ತಿಂಗಳಾದ ಮೇಲೆ ‘ಈಗ ಯಾವ ಮುಖ ಇಟ್ಕೊಂಡು ಹೋಗೋದು’ ಎಂಬ ನಾಚಿಕೆ. ವರ್ಷ ಕಳೆದ ಹಾಗೆ ಆ ನಾಚಿಕೆ ಬೆಳೆಯುತ್ತದೆ. ದಾರಿಯಲ್ಲಿ ನಿಮ್ಮನ್ನು ಕಂಡು ಪಕ್ಕಕ್ಕೆ ಸರಿಯುವ ನೆರೆಯವಳು ನಿಮ್ಮನ್ನು ಬೇಡವೆಂದು ಸರಿಯುತ್ತಿಲ್ಲ, ಮುಖ ಎದುರಿಸಲಾಗದೆ ಸರಿಯುತ್ತಿದ್ದಾಳೆ. ಹಾಗಾಗಿ ಬಾಗಿಲು ನೀವೇ ತೆಗೆಯಬೇಕಾಗಿದೆ. ನೊಂದವರೇ ಮೊದಲ ಹೆಜ್ಜೆ ಇಡಬೇಕೆನ್ನುವುದು ನ್ಯಾಯವಲ್ಲ. ನ್ಯಾಯವಲ್ಲದಿದ್ದರೂ ಕೇಳುತ್ತಿದ್ದೇನೆ.

ಬರುವ ಸೀಗೆ ಹುಣ್ಣಿಮೆಗೆ, ನೀವು ಭೂಮಿ ಹುಣ್ಣಿಮೆ ಅನ್ನುತ್ತೀರಲ್ಲ, ಆ ದಿನ ತೋಟಕ್ಕೆ ಹೋಗಿ. ಯಜಮಾನರು ಹೋದ ಮೇಲೆ ಆ ಮೂಲೆಗೆ ಕಾಲಿಟ್ಟಿಲ್ಲ ಎಂದು ಬರೆದಿದ್ದೀರಿ. ಬಸುರಿ ಭೂಮಿಗೆ ಬಯಕೆಯ ಊಟ ಬಡಿಸುವ ಹಬ್ಬ ಅದು. ಒಣಗಿದ ಅರ್ಧ ತೋಟಕ್ಕೂ ಚರಗ ಚೆಲ್ಲಿ, ಹಸಿರಿರುವ ಅರ್ಧಕ್ಕೂ ಚೆಲ್ಲಿ. ಯಜಮಾನರ ಮಣ್ಣಿನ ಮೇಲೆ ಒಂದು ಎಡೆ ಇಡಿ. ಹಿಂದಿನ ದಿನವೇ ನಾಲ್ಕು ಮನೆಗೆ ಹೋಗಿ, ‘ನಾಳೆ ತೋಟಕ್ಕೆ ಊಟಕ್ಕೆ ಬರ್ರಿ, ನಮ್ಮನೇರಿಗೆ ಎಡೆ ಇಡ್ತೀನಿ’ ಅನ್ನಿ. ಇಷ್ಟೇ ಸಾಕು. ಬಂದವರು ಅಲ್ಲಿ ತಾವಾಗಿಯೇ ಕೇಳುತ್ತಾರೆ, ‘ಅವತ್ತು ಹೆಂಗಾತು?’ ಹೇಳಿ. ಆಸ್ಪತ್ರೆಯ ಬಾಗಿಲಲ್ಲಿ ಅವರ ಚಪ್ಪಲಿ ಮಾತ್ರ ಕೈಗೆ ಬಂತೆಂದು ನನಗೆ ಬರೆದಿದ್ದೀರಲ್ಲ, ಅದನ್ನೂ ಹೇಳಿ. ಅಳು ಬಂದರೆ ಅತ್ತುಬಿಡಿ.

ಗಂಡ ಇಲ್ಲದವಳು ಮುಂದೆ ನಿಂತು ಹೇಗೆ ಮಾಡಲಿ ಎಂದು ನಿಮಗನಿಸಬಹುದು. ನೀವು ಲಿಂಗ ಕಟ್ಟಿದ ಮನೆತನದವರು. ಹನ್ನೆರಡನೆಯ ಶತಮಾನದಲ್ಲೇ ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದೂ ಸೂತಕಗಳನ್ನು ತಳ್ಳಿಹಾಕಿದರು. ಅದನ್ನು ನಾವು ಮರೆತು ವಿಧವೆಯನ್ನು ಹಿಂದೆ ನಿಲ್ಲಿಸಿದ್ದೇವೆ. ನೀವು ಮುಂದೆ ನಿಲ್ಲಿ.

ಮತ್ತೊಂದು ವಿಷಯ. ಫೆಬ್ರವರಿಯಲ್ಲಿ ಸೇವಾಲಾಲ್ ಜಯಂತಿಗೆಂದು ಸೂರಗೊಂಡನಕೊಪ್ಪಕ್ಕೆ ನಡೆದು ಹೋಗುವ ಮಾಲಾಧಾರಿಗಳಿಗೆ ಯಜಮಾನರು ರಸ್ತೆ ಬದಿ ಮಜ್ಜಿಗೆ ಕೊಡುತ್ತಿದ್ದರೆಂದು ಕಾಗದದ ಕೊನೆಯಲ್ಲಿ ಸುಮ್ಮನೆ ಒಂದು ಸಾಲು ಬರೆದಿದ್ದೀರಿ. ಕಬ್ಬು ಕಡಿಯಲು, ಕಾಫಿ ತೋಟದ ಕೆಲಸಕ್ಕೆಂದು ವರ್ಷಕ್ಕೆ ಎಷ್ಟೋ ತಿಂಗಳು ಮನೆ ಬಿಟ್ಟಿರುವ ತಾಂಡಾದ ಜನ ತಮ್ಮ ಸಂತನ ಊರಿಗೆ ಬರಿಗಾಲಲ್ಲಿ ಬರುತ್ತಾರೆ. ಅವರಿಗೆ ಮಜ್ಜಿಗೆ ಕೊಡುವುದು ಯಜಮಾನರ ಪೂಜೆಯಾಗಿತ್ತು. ಆ ಮಜ್ಜಿಗೆಯ ಕೊಳಗ ಅಟ್ಟದಲ್ಲೇ ಇರಬೇಕು, ಇಳಿಸಿ, ಈ ಸಲ ನೀವೇ ಕೊಡಿ. ದೇವರ ಮುಂದೆ ಕೂತಾಗ ಏನೂ ಅನಿಸದಿದ್ದರೆ ಬಲವಂತ ಮಾಡಿಕೊಳ್ಳಬೇಡಿ. ದೀಪ ಹಚ್ಚಿ ಎದ್ದು ಬನ್ನಿ, ಸಾಕು.

ತೋಟ ಮಾರುವುದನ್ನು ಈ ವರ್ಷ ನಿರ್ಧರಿಸಬೇಡಿ. ನಿದ್ದೆಯಿಲ್ಲದ ತಲೆಯಿಂದ ಪತ್ರಕ್ಕೆ ಸಹಿ ಹಾಕಬಾರದು. 2023ರ ಬರ ನಿಮ್ಮೊಬ್ಬರ ಕರ್ಮವಲ್ಲ; ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾಗಿದ್ದವು. ಜಗಳೂರಿನ ಮಗಳಿಗೆ ಬರದ ಪಾಠ ನಾನು ಹೇಳಬೇಕಾಗಿಲ್ಲ. ನೀವು ಮದುವೆಯಾಗಿ ಬಂದಾಗ ಬಣಗುಟ್ಟುತ್ತಿದ್ದ ಜಗಳೂರು ಕೆರೆಗೆ ಈಗ ದೀಟೂರಿನ ಬಳಿ ಎತ್ತಿದ ತುಂಗಭದ್ರೆಯ ನೀರು ಹೋಗುತ್ತಿದೆ. ಹೊನ್ನಾಳಿಯ ಮುಂದೆ ಹರಿದು ಹೋಗುವ ಅದೇ ಹೊಳೆ. ಜನ ವರ್ಷಗಟ್ಟಲೆ ಕೇಳಿದರು, ಮಠದವರು ಕೇಳಿದರು, ಆಮೇಲೆ ಬಂತು. ತವರಿಗೆ ಒಮ್ಮೆ ಹೋಗಿ ಕೆರೆ ಏರಿ ಮೇಲೆ ತಂಗಿಯ ಜೊತೆ ಕೂತು ಬನ್ನಿ.

ಕೊನೆಯದಾಗಿ, ‘ಯಾವ ಸುಖಕ್ಕೆ ಬದುಕಬೇಕು’ ಎಂದಿದ್ದೀರಿ. ನೇರವಾಗಿಯೇ ಕೇಳುತ್ತೇನೆ: ಪ್ರಾಣ ಕಳೆದುಕೊಳ್ಳಬೇಕೆಂಬ ಯೋಚನೆ ಬರುತ್ತಿದೆಯೇ? ಬರುತ್ತಿದ್ದರೆ ಭೂಮಿ ಹುಣ್ಣಿಮೆಯವರೆಗೆ ಕಾಯಬೇಡಿ, ಇವತ್ತೇ ತಂಗಿಗೆ ಹೇಳಿ. ರಾತ್ರಿ ಎರಡಕ್ಕೆ ಎಚ್ಚರಾದಾಗ 14416ಕ್ಕೆ ಫೋನ್ ಮಾಡಿ. ಅದು 2022ರಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಇಷ್ಟು ದಿನದ ನಿದ್ದೆಗೇಡಿಗೆ ಔಷಧವೂ ಬೇಕಾಗಬಹುದು. ಹೊನ್ನಾಳಿ ತಾಲ್ಲೂಕು ಆಸ್ಪತ್ರೆಗೆ ಹೋಗಿ ಮನೋವೈದ್ಯರು ಯಾವ ದಿನ ಸಿಗುತ್ತಾರೆಂದು ವಿಚಾರಿಸಿ. ದೇವರನ್ನು ನಂಬಿದವರು ಡಾಕ್ಟರ ಹತ್ತಿರ ಹೋಗಬಾರದೆಂದು ಯಾವ ದೇವರೂ ಹೇಳಿಲ್ಲ.

ಭೂಮಿ ಹುಣ್ಣಿಮೆಗೆ ಯಾವ ನಾಲ್ಕು ಮನೆಯವರನ್ನು ಕರೆದಿರಿ, ಯಾರು ಬಂದರು, ನನಗೆ ಬರೆಯಿರಿ ಅಕ್ಕಾ. ಕಾಯುತ್ತಿರುತ್ತೇನೆ.