ಲಾರಿಯೊಳಗೊಂದು ಮನೆ: ಕಟ್ಟುವ ಮುನ್ನ ಆರ್‌ಸಿ ಓದಿ

ನಾಯಕನಹಟ್ಟಿ ತಿಪ್ಪೇಸ್ವಾಮಿ ಜಾತ್ರೆಗೆ ಮನೆಮಂದಿಯೆಲ್ಲ ಲಾರಿ ಹತ್ತಿ ಹೊರಡುವುದು, ಪಕ್ಕದಲ್ಲೇ ಒಲೆ ಹೂಡಿ ಉಂಡು, ಅದರೊಳಗೇ ಮಲಗೆದ್ದು ಬರುವುದು ಚಳ್ಳಕೆರೆ ಸೀಮೆಗೆ ಹೊಸದಲ್ಲ. ಹಾಗಾಗಿ ಹಳೇ ಶೇಂಗಾ ಲಾರಿಯೊಂದನ್ನು ಕೊಂಡು, ಗ್ಯಾರೇಜಿನಲ್ಲಿ ಡಬ್ಬ ಕೂರಿಸಿ, ಮಂಚ, ಅಡುಗೆಕಟ್ಟೆ, ಕಕ್ಕಸು ಎಲ್ಲ ಮಾಡಿಸಿ ಊರೂರು ಸುತ್ತುವ ಯೋಚನೆ ಇಲ್ಲಿಯವರಿಗೆ ವಿಚಿತ್ರ ಎನಿಸಬೇಕಿಲ್ಲ. ಸಿನಿಮಾದವರ ಕ್ಯಾರವಾನ್, ಚುನಾವಣೆಯ ರಥ, ಯೂಟ್ಯೂಬಿನ ಸಂಚಾರಿ ಮನೆ ಎಲ್ಲ ನೋಡಿದ ಮೇಲೆ ಆಸೆ ಹುಟ್ಟುವುದೂ ಸಹಜ. ಆದರೆ ಇಂಥ ಮನೆಗೆ ಬುನಾದಿ ಆರ್‌ಸಿ, ಅಂದರೆ ನೋಂದಣಿ ಪತ್ರ. ಅದರಲ್ಲಿ ‘ಗೂಡ್ಸ್ ಕ್ಯಾರಿಯರ್’ ಎಂದಿರುವವರೆಗೂ ಒಳಗೆ ಎಷ್ಟೇ ಚೆಂದದ ಮಂಚವಿದ್ದರೂ ಕಾನೂನಿನ ಕಣ್ಣಿಗೆ ನೀವು ಸರಕು ಗಾಡಿಯಲ್ಲಿ ಕೂತ ಜನ.

ದೊಡ್ಡ ಲಾರಿಯ ಅನುಕೂಲಗಳನ್ನು ಅಲ್ಲಗಳೆಯಲಾಗದು. ಒಳಗೆ ನೆಟ್ಟಗೆ ನಿಲ್ಲಬಹುದು, ವಯಸ್ಸಾದ ಅಪ್ಪ ಅಮ್ಮನಿಗೆ ಮಡಚದ ಮಂಚ ಹಾಕಬಹುದು. ಸಾವಿರ ಲೀಟರ್ ನೀರು ಎಂದರೆ ಒಂದು ಟನ್ ತೂಕ. ಸಣ್ಣ ವ್ಯಾನು ಅದನ್ನು ಹೊರಲಾರದು, ಲಾರಿ ಹೊರುತ್ತದೆ. ನೀರು ಜೊತೆಗಿದ್ದರೆ ಎಷ್ಟು ನೆಮ್ಮದಿ ಎಂಬುದನ್ನು ಮೊಳಕಾಲ್ಮೂರಿನವರಿಗೆ ಹೇಳಿಕೊಡಬೇಕಿಲ್ಲ. ಅಶೋಕ ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರದ ಕಡೆ ಹೋದವರು ರಾತ್ರಿ ತಂಗಲು ಲಾಡ್ಜ್ ಹುಡುಕುವ ಪಾಡೂ ತಪ್ಪುತ್ತದೆ.

ತೊಡಕುಗಳೂ ಅಷ್ಟೇ ದೊಡ್ಡವು. ಹಳ್ಳಿ ಬೀದಿಯಲ್ಲಿ ಜೋತುಬಿದ್ದ ಕರೆಂಟ್ ತಂತಿ, ರೈಲ್ವೆ ಅಂಡರ್‌ಪಾಸ್, ತಿರುಗಿಸಲು ಜಾಗವಿಲ್ಲದ ಓಣಿ ಮೂರೂ ಎತ್ತರದ ಡಬ್ಬಕ್ಕೆ ಶತ್ರುಗಳು. ಅಗಲ 2.6 ಮೀಟರ್ ದಾಟುವಂತಿಲ್ಲ. ಎತ್ತರಕ್ಕೂ ನಿಯಮದಲ್ಲಿ ಮಿತಿಯಿದೆ, ಮೇಲಿಡುವ ಸೋಲಾರ್ ಪ್ಯಾನೆಲ್, ನೀರಿನ ಟ್ಯಾಂಕ್ ಎಲ್ಲ ಆ ಲೆಕ್ಕದೊಳಗೇ ಬರಬೇಕು. ಕಾರಿನ ಲೈಸೆನ್ಸ್ ಸಾಲುವುದು 7,500 ಕೆಜಿಯೊಳಗಿನ ಗಾಡಿಗೆ ಮಾತ್ರ. ಆ ಮಿತಿಯೊಳಗಿನ ಸಾರಿಗೆ ವಾಹನವನ್ನೂ ಅದೇ ಲೈಸೆನ್ಸಿನಲ್ಲಿ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿತು ನಿಜ, ಆದರೆ ಹತ್ತು ಚಕ್ರದ ಲಾರಿಗೆ ಆ ತೀರ್ಪು ಆಸರೆಯಾಗದು. ಹೆವಿ ಲೈಸೆನ್ಸ್ ಬೇಕೇ ಬೇಕು.

ಇನ್ನು ಮೂಲ ಪ್ರಶ್ನೆ: ಲಾರಿಯನ್ನು ಹೀಗೆ ಬದಲಿಸಲು ಕಾನೂನು ಬಿಡುತ್ತದೆಯೇ? ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನ ಪ್ರಕಾರ, ತಯಾರಕರು ಮೊದಲು ನಮೂದಿಸಿದ ವಿವರಕ್ಕೆ ಹೊಂದದಂತೆ ಮಾಲೀಕ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಬಂದ ಕೆ. ಜಯಚಂದ್ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿ 9ರಂದು ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿ 182ಎ ಕಲಮನ್ನು ಸೇರಿಸಿತು: ಅಕ್ರಮ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ‘ಪ್ರತಿ ಮಾರ್ಪಾಡಿಗೆ’ ಎಂಬುದನ್ನು ಇನ್ನೊಮ್ಮೆ ಓದಿಕೊಳ್ಳಿ.

ದಂಡಕ್ಕಿಂತ ನನಗೆ ಹೆಚ್ಚು ಭಯ ಹುಟ್ಟಿಸುವುದು ವಿಮೆ. ಸರಕು ವಾಹನದಲ್ಲಿ ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರ ಡಿಸೆಂಬರ್‌ನಲ್ಲೇ ತೀರ್ಮಾನಿಸಿದೆ. ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿ ಜೊತೆಗಿದ್ದರೆ ಮಾತು ಬೇರೆ. ಮಂಚದ ಮೇಲೆ ಮಲಗಿದ ಅಜ್ಜಿ, ಮಕ್ಕಳು ಯಾವ ಸರಕಿಗೂ ಮಾಲೀಕರಲ್ಲ. ಅಪಘಾತವಾದರೆ ಪರಿಹಾರದ ಹೊರೆ ಮಾಲೀಕನ ಹೊಲ ಮನೆಯ ಮೇಲೆ ಬೀಳುತ್ತದೆ. ಜಾತ್ರೆ ಲಾರಿಗೂ ಇದೇ ಮಾತು.

ಹಾಗಾದರೆ ದಾರಿಯೇ ಇಲ್ಲವೇ? ಇದೆ. ‘ಕ್ಯಾಂಪರ್ ವ್ಯಾನ್’ ಎಂಬ ವರ್ಗವನ್ನು ಕಾನೂನು ಒಪ್ಪಿದೆ. ಖಾಸಗಿ ಬಳಕೆಯದು ಸಾರಿಗೆಯೇತರ ವಾಹನಗಳ ಪಟ್ಟಿಯಲ್ಲಿದೆ. ಮೋಟರ್ ಕ್ಯಾರವಾನ್‌ಗೆಂದೇ ಎಐಎಸ್-124 ಎಂಬ ಮಾನದಂಡವೂ ಉಂಟು. ಅದರಂತೆ ಕಟ್ಟಿದ ಮಾದರಿಯನ್ನು ಪುಣೆಯ ಎಆರ್‌ಎಐನಂಥ ಪರೀಕ್ಷಾ ಸಂಸ್ಥೆ ಪರಿಶೀಲಿಸಿ ಪ್ರಮಾಣಪತ್ರ ಕೊಡುತ್ತದೆ. ಸುಲಭದ ಹಾದಿ ಎಂದರೆ ಹೊಸ ಚಾಸಿ ಕೊಂಡು, ಅನುಮೋದನೆ ಇರುವ ಬಾಡಿ ಬಿಲ್ಡರ್ ಕೈಯಲ್ಲಿ ಕಟ್ಟಿಸಿ, ಬಾಡಿ ಬಿಲ್ಡರ್ ಸಹಿಯ ನಮೂನೆ 22ಎ ಪಡೆದು, ಮೊದಲ ನೋಂದಣಿಯನ್ನೇ ಕ್ಯಾಂಪರ್ ವ್ಯಾನ್ ಎಂದು ಮಾಡಿಸುವುದು. ದುಬಾರಿ, ಹೌದು. ಆದರೂ ಹಳೇ ಲಾರಿಯ ಸಹವಾಸ ಬೇಡವೆಂದೇ ನನ್ನ ಸಲಹೆ. ಕಂಪನಿಯೇ ಸರಕಿನ ಬಾಡಿ ಕಟ್ಟಿ ಮಾರಿದ ಲಾರಿಗಂತೂ ಅನುಮತಿ ಸಿಗುವ ಆಸೆ ತೀರಾ ಕಡಿಮೆ.

ಹಳೇ ಲಾರಿಯೇ ಬೇಕು ಎಂದು ಹಟ ಹಿಡಿದವರು ಮುಂಗಡ ಕೊಡುವ ಮುಂಚೆ ಆರ್‌ಸಿಯನ್ನು ಕೈಯಲ್ಲಿ ಹಿಡಿದು ವಾಹನದ ವರ್ಗ, ಬಾಡಿ ಮಾದರಿ, ಖಾಲಿ ತೂಕ, ಆಸನ ಸಂಖ್ಯೆ, ಸಾಲದ ನಮೂದು ಇಷ್ಟನ್ನು ಸಾಲು ಸಾಲಾಗಿ ಓದಿ. ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಪಡಿಯಚ್ಚು ತೆಗೆದು ಆರ್‌ಸಿಯ ಅಂಕಿಗಳೊಂದಿಗೆ ಹೋಲಿಸಿ. ಲಾರಿಯನ್ನು ವೇ ಬ್ರಿಡ್ಜ್ ಹತ್ತಿಸಿ ಚೀಟಿ ತೆಗೆದಿಡಿ. ಗಡಿಯಾಚೆಯ ರಾಯದುರ್ಗದಿಂದ ಕೊಳ್ಳುವುದಾದರೆ ಅಲ್ಲಿನ ನೋಂದಣಿ ಪ್ರಾಧಿಕಾರದ ನಿರಾಕ್ಷೇಪಣಾ ಪತ್ರ ಬೇಕು. ಮಾರಿದವರೇ, ನೀವೂ ಕೇಳಿ: ಹೆಸರು ವರ್ಗಾವಣೆಯಾಗುವವರೆಗೆ ಅಪಘಾತದ ಹೊಣೆ ಆರ್‌ಸಿಯಲ್ಲಿ ಹೆಸರಿದ್ದವರದೇ ಎಂದು 2018ರಲ್ಲಿ ನವೀನ್ ಕುಮಾರ್ ಪ್ರಕರಣದ ತೀರ್ಪು ಬಂದಿದೆ.

ಆಮೇಲೆ ಚಿತ್ರದುರ್ಗದ ಆರ್‌ಟಿಒಗೆ ಅರ್ಜಿ. ಮೊದಲು ಅನುಮತಿ, ನಂತರ ವೆಲ್ಡಿಂಗ್; ಈ ಕ್ರಮ ತಿರುಗಿತೋ, ದುಡ್ಡು ಹೋದಂತೆಯೇ. ಸಾಲವಿದ್ದರೆ ಸಾಲ ಕೊಟ್ಟವರ ಲಿಖಿತ ಒಪ್ಪಿಗೆ, ಪರ್ಮಿಟ್ ಇದ್ದರೆ ಅದರ ಹಿಂತಿರುಗಿಸುವಿಕೆ, ತೆರಿಗೆ ಬಾಕಿ ತೀರಿಸಿದ ರಸೀದಿ ಬೇಕಾಗುತ್ತವೆ. ಅನುಮತಿ ಬಂದ ದಿನವೇ ವಿಮಾ ಕಂಪನಿಗೂ ಬರೆದು ತಿಳಿಸಿ, ಸ್ವೀಕೃತಿ ಪಡೆಯಿರಿ.

ಸ್ವಂತಕ್ಕೆಂದು ನೋಂದಾಯಿಸಿ ಪ್ರವಾಸಿಗರಿಗೆ ಬಾಡಿಗೆಗೆ ಬಿಟ್ಟರೆ ಅದು ಪರ್ಮಿಟ್ ಇಲ್ಲದ ಸಾರಿಗೆ ವಾಹನ. 192ಎ ಕಲಮಿನಡಿ ದಂಡ 10,000 ರೂಪಾಯಿ, ಜೊತೆಗೆ ಆರು ತಿಂಗಳವರೆಗೆ ಜೈಲೂ ಆಗಬಹುದು. ಮೊಳಕಾಲ್ಮೂರು ರೇಷ್ಮೆ ಸೀರೆ ತುಂಬಿಕೊಂಡು ಊರೂರಲ್ಲಿ ಮಾರುತ್ತಾ ಅದರಲ್ಲೇ ಉಳಿಯುವೆನೆಂಬ ಯೋಚನೆ ಜಾಣತನದ್ದೇ; ಆದರೆ ಆಗ ಬಳಕೆ ವ್ಯಾಪಾರದ್ದಾಗುತ್ತದೆ, ಖಾಸಗಿ ನೋಂದಣಿ ನಡೆಯದು.

2021ರ ಆಗಸ್ಟ್‌ನಲ್ಲಿ ಕಾಸರಗೋಡಿನ ಪಕ್ಕದ ಕಣ್ಣೂರಿನಲ್ಲಿ ಹೆಸರುವಾಸಿ ಯೂಟ್ಯೂಬರ್‌ಗಳ ಟ್ರಾವೆಲರ್ ಕ್ಯಾರವಾನ್ ಅಕ್ರಮ ಮಾರ್ಪಾಡಿನ ಕಾರಣಕ್ಕೆ ಜಪ್ತಿಯಾಯಿತು, ನೋಂದಣಿ ಅಮಾನತಾಯಿತು. ಲಕ್ಷಾಂತರ ಅಭಿಮಾನಿಗಳಿದ್ದೂ ಉಪಯೋಗವಾಗಲಿಲ್ಲ. ಅದಕ್ಕಿಂತ ಘೋರವಾದದ್ದು 2024ರ ಡಿಸೆಂಬರ್‌ನಲ್ಲಿ ವಡಕರದಲ್ಲಿ ನಡೆಯಿತು: ನಿಲ್ಲಿಸಿದ್ದ ಕ್ಯಾರವಾನ್‌ನಲ್ಲಿ ಎಸಿ ಹಾಕಿಕೊಂಡು ಮಲಗಿದ್ದ ಇಬ್ಬರು ಜನರೇಟರಿನ ಕಾರ್ಬನ್ ಮೊನಾಕ್ಸೈಡ್ ಒಳಸೇರಿ ಸತ್ತರು. ಈ ಅನಿಲಕ್ಕೆ ವಾಸನೆಯಿಲ್ಲ. ಮಾನದಂಡ, ಪರೀಕ್ಷೆ ಎಂದರೆ ಬರೀ ಕಾಗದದ ಕಾಟ ಎನ್ನುವವರಿಗೆ ನಾನು ಹೇಳುವುದು ಈ ಪ್ರಕರಣವನ್ನೇ.

ರಸ್ತೆಯಲ್ಲಿ ತಡೆದರೆ ದಾಖಲೆಗಳನ್ನು ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆ್ಯಪ್‌ನಲ್ಲಿ ತೋರಿಸಿದರೂ ನಡೆಯುತ್ತದೆ. ಲೈಸೆನ್ಸ್ ವಶಪಡಿಸಿಕೊಂಡರೆ ಸ್ವೀಕೃತಿ ಕೇಳುವ ಹಕ್ಕು ನಿಮ್ಮದು. 207ನೇ ಕಲಮಿನಡಿ ಗಾಡಿ ಜಪ್ತಿಯಾದರೆ ದಾಖಲೆ ಸಮೇತ ಬಿಡುಗಡೆಗೆ ಅರ್ಜಿ ಹಾಕಬಹುದು. ನೋಂದಣಿ ಅಮಾನತು ಮಾಡುವ ಮುಂಚೆ 53ನೇ ಕಲಮಿನಂತೆ ನೋಟಿಸ್ ಕೊಟ್ಟು ನಿಮ್ಮ ಅಹವಾಲು ಕೇಳಬೇಕು. ನೋಟಿಸ್ ಬಂದಾಗ ಏಜೆಂಟರ ಕೈಗಿಟ್ಟು ಸುಮ್ಮನಾಗದೆ ನೀವೇ ಲಿಖಿತ ಉತ್ತರ ಕೊಡಿ. ವಕೀಲರ ಶುಲ್ಕ ಹೊರಲಾಗದ ಅರ್ಹರಿಗೆ ಕಾನೂನು ಸೇವಾ ಸಮಿತಿಯಿಂದ ಉಚಿತ ನೆರವುಂಟು, ಸಹಾಯವಾಣಿ 15100. ಅರ್ಜಿ ತಿರಸ್ಕಾರವಾದರೆ ಕಾರಣ ಬರೆದ ಆದೇಶದ ಪ್ರತಿಯನ್ನೇ ಕೇಳಿ ಪಡೆಯಿರಿ, ಬಾಯಿಮಾತಿನ ‘ಆಗಲ್ಲ’ಕ್ಕೆ ಮೇಲ್ಮನವಿ ಇಲ್ಲ. 57ನೇ ಕಲಮಿನ ಮೇಲ್ಮನವಿಗೆ ಗಡುವು 30 ದಿನ, ಆದೇಶ ಕೈಸೇರಿದಂದಿನಿಂದ ಎಣಿಕೆ. ಅಂಚೆಯ ಮೊಹರು ಇರುವ ಲಕೋಟೆಯನ್ನು ಎಸೆಯಬೇಡಿ.