ಯಾವ ಸೂಪರ್‌ಮಾರ್ಕೆಟ್ ಅಗ್ಗ? ನಿಮ್ಮ ಚೀಟಿಯನ್ನೇ ಕೇಳಿ

ತಿಂಗಳ ಮೊದಲ ಶನಿವಾರ ಸಂಜೆ ಬೆಂಗಳೂರಿನ ಯಾವುದೇ ದೊಡ್ಡ ಸೂಪರ್‌ಮಾರ್ಕೆಟ್‌ಗೆ ಹೋಗಿ. ಹೊರಗೆ ಸ್ಕೂಟರ್ ನಿಲ್ಲಿಸಲು ಜಾಗವಿಲ್ಲ, ಒಳಗೆ ಬಿಲ್ಲಿಂಗ್ ಸಾಲು ಬಿಸ್ಕತ್ತಿನ ರ್‍ಯಾಕ್‌ ತನಕ ಬಂದಿರುತ್ತದೆ. ಸಾಲಿನಲ್ಲಿ ನಿಂತವರನ್ನು ‘ಇಲ್ಲಿಗೇ ಯಾಕೆ ಬರ್ತೀರಿ?’ ಎಂದು ಕೇಳಿದರೆ ‘ಇಲ್ಲಿ ಕಡಿಮೆ ಕಣ್ರೀ’ ಎನ್ನುತ್ತಾರೆ. ಏನು ಕಡಿಮೆ ಎಂದು ಮತ್ತೆ ಕೇಳಿದರೆ ಎಣ್ಣೆ, ಸಕ್ಕರೆ, ತೊಗರಿಬೇಳೆ ಈ ಮೂರರ ದರವನ್ನು ಪಟಪಟನೆ ಹೇಳುತ್ತಾರೆ. ಜೀರಿಗೆಯ ದರ ಕೇಳಿ ನೋಡಿ, ತಡವರಿಸುತ್ತಾರೆ.

ಅಂಗಡಿಯವರಿಗೂ ಇದು ಚೆನ್ನಾಗಿ ಗೊತ್ತು. ಜನರಿಗೆ ಬಾಯಿಪಾಠವಾಗಿರುವುದು ಹತ್ತು ಹದಿನೈದು ಸಾಮಾನುಗಳ ದರ ಮಾತ್ರ. ಅವನ್ನು ಲಾಭವಿಲ್ಲದೆ, ಒಮ್ಮೊಮ್ಮೆ ಕೈಯಿಂದ ಹಾಕಿಯಾದರೂ ಮಾರಿ, ಉಳಿದ ಸಾವಿರಾರು ಸಾಮಾನುಗಳಲ್ಲಿ ಗಿಟ್ಟಿಸಿಕೊಳ್ಳುವುದು ಈ ವ್ಯಾಪಾರದ ಹಳೆಯ ವರಸೆ. ಹಾಗಾಗಿ ಎಲ್ಲರಿಗೂ ಅಗ್ಗವಾದ ಅಂಗಡಿ ಎಂಬುದೊಂದಿಲ್ಲ. ಅತ್ತೆ, ಮಾವ, ಎರಡು ಮಕ್ಕಳಿರುವ ಮನೆಗೆ ಹೊಂದುವ ಅಂಗಡಿ, ಪಿ.ಜಿ. ಬಿಟ್ಟು ಈಗಷ್ಟೇ ಬಾಡಿಗೆ ಮನೆ ಹಿಡಿದ ಇಬ್ಬರಿಗೆ ದುಬಾರಿ ಬೀಳಬಹುದು. ತೀರ್ಮಾನಿಸಬೇಕಾದ್ದು ನಿಮ್ಮ ಮನೆಯ ಸಾಮಾನಿನ ಚೀಟಿ.

ಮೊದಲು ಚೀಟಿ

ಮನೆಯಲ್ಲಿರುವ ಎರಡು ಮೂರು ತಿಂಗಳ ಬಿಲ್‌ಗಳನ್ನು ಹುಡುಕಿ ತೆಗೆಯಿರಿ. ಗೌರಿ ಗಣೇಶ, ದೀಪಾವಳಿಯ ತಿಂಗಳ ಬಿಲ್ ಬೇಡ. ಆ ತಿಂಗಳು ಎಲ್ಲರ ಮನೆಯ ಲೆಕ್ಕವೂ ಹಳಿ ತಪ್ಪಿರುತ್ತದೆ. ತೀರಾ ಹಳೆಯವೂ ಬೇಡ. 2025ರ ಸೆಪ್ಟೆಂಬರ್ 22ರಿಂದ ಶಾಂಪೂ, ಟೂತ್‌ಪೇಸ್ಟ್, ಬಿಸ್ಕತ್ತುಗಳ ಜಿಎಸ್‌ಟಿ ಶೇ 5ಕ್ಕೆ ಇಳಿದಿರುವುದರಿಂದ ಅದಕ್ಕೂ ಹಿಂದಿನ ದರ ಹೋಲಿಕೆಗೆ ಬಾರದು.

ಪ್ರತಿ ತಿಂಗಳೂ ತಪ್ಪದೆ ಬಂದಿರುವ ಸಾಮಾನುಗಳನ್ನು ಮಾತ್ರ ಒಂದು ಹಾಳೆಯಲ್ಲಿ ಬರೆಯಿರಿ. ಇಪ್ಪತ್ತು, ಇಪ್ಪತ್ತೈದು ಸಾಕು. ಬರೆಯುವಾಗ ‘ಅಕ್ಕಿ, ರವೆ, ಎಣ್ಣೆ’ ಎಂದರೆ ಪ್ರಯೋಜನವಿಲ್ಲ. ಸೋನಾ ಮಸೂರಿ ಎಂದರೆ ರಾ ಅಕ್ಕಿಯೋ ಸ್ಟೀಮ್ ಅಕ್ಕಿಯೋ, ಹೊಸದೋ ಹಳೆಯದೋ. ರವೆ ಎಂದರೆ ಚಿರೋಟಿಯೋ ಬನ್ಸಿಯೋ. ಮೆಣಸಿನಕಾಯಿ ಬ್ಯಾಡಗಿಯೋ ಗುಂಟೂರೋ ಎಂದು ಸ್ಪಷ್ಟವಾಗಿರಲಿ. ಬ್ರ್ಯಾಂಡ್ ಬದಲಿಸಲು ನೀವು ಒಪ್ಪುವ ಸಾಮಾನಿನ ಮುಂದೆ ಒಂದು ಗುರುತು ಹಾಕಿ. ಪಾತ್ರೆ ತೊಳೆಯುವ ಸೋಪು ಯಾವುದಾದರೂ ನಡೆಯುತ್ತದೆ, ಕಾಫಿಪುಡಿ ಬದಲಾದರೆ ಮನೆಯಲ್ಲಿ ಜಗಳವೇ ಆಗುತ್ತದೆ ಎನ್ನುವ ವಿಷಯ ಇಲ್ಲೇ ಇತ್ಯರ್ಥವಾಗಲಿ.

ಚೀಟಿ ಹೀಗೆ ಬರೆದರೆ ಕೆಲವು ಅಂಗಡಿಗಳು ದರ ನೋಡುವ ಮೊದಲೇ ಬಿದ್ದುಹೋಗುತ್ತವೆ. ಉಡುಪಿ, ಮಂಗಳೂರು ಕಡೆಯವರಿಗೆ ಕುಸುಬಲಕ್ಕಿ ಬೇಕು. ವಿಜಯಪುರದವರಿಗೆ ರೊಟ್ಟಿಗೆ ಮಾಲದಂಡಿ ಜೋಳವೇ ಆಗಬೇಕು. ಚೀಟಿಯ ಐದಾರು ಸಾಮಾನು ಸಿಗದ ಕಡೆ ಉಳಿದದ್ದು ಎಷ್ಟು ಅಗ್ಗವಾದರೂ ಇನ್ನೊಂದು ಅಂಗಡಿಯ ಓಡಾಟ ತಪ್ಪುವುದಿಲ್ಲ.

ಅಂಗಡಿಯ ಗುಣ

ದರಗಳು ಅಂಗಡಿಯಿಂದ ಅಂಗಡಿಗೆ ಯಾಕೆ ಬದಲಾಗುತ್ತವೆ ಎಂದು ತಿಳಿದಿದ್ದರೆ ಎಲ್ಲಿ ಏನು ನಿರೀಕ್ಷಿಸಬೇಕು ಎನ್ನುವುದೂ ಗೊತ್ತಾಗುತ್ತದೆ. ರಾಧಾಕಿಶನ್ ದಮಾನಿ 2002ರಲ್ಲಿ ಮುಂಬೈನ ಪೊವಾಯಿಯಲ್ಲಿ ಶುರು ಮಾಡಿದ ಡಿ-ಮಾರ್ಟ್ ಬಹುತೇಕ ಕಡೆ ಸ್ವಂತ ಕಟ್ಟಡದಲ್ಲೇ ಅಂಗಡಿ ಇಡುತ್ತದೆ. ಬಾಡಿಗೆಯ ಹೊರೆ ಕಡಿಮೆ, ಸರಬರಾಜುದಾರರಿಗೆ ಬೇಗ ಹಣ ಕೊಟ್ಟು ದರ ಇಳಿಸಿಕೊಳ್ಳುತ್ತದೆ. ಅದಕ್ಕೆ ಬದಲಾಗಿ ಅಲ್ಲಿ ಆಯ್ಕೆ ಕಡಿಮೆ, ಅಲಂಕಾರವಂತೂ ಇಲ್ಲವೇ ಇಲ್ಲ, ನೂಕುನುಗ್ಗಲು ಜಾಸ್ತಿ. ರಿಲಯನ್ಸ್, ಮೋರ್‌ನಂಥ ಸರಣಿಗಳಲ್ಲಿ ತಮ್ಮದೇ ಹೆಸರಿನ ಬೇಳೆಕಾಳು, ಫಿನಾಯಿಲ್, ಬಿಸ್ಕತ್ತುಗಳಿರುತ್ತವೆ. ಜಾಹೀರಾತಿನ ಖರ್ಚಿಲ್ಲದ ಕಾರಣ ಅವು ಅಗ್ಗ. ಒಮ್ಮೆ ಸಣ್ಣ ಪ್ಯಾಕೆಟ್ ತಂದು ನೋಡಲು ಅಡ್ಡಿಯಿಲ್ಲ. ನೀಲಗಿರೀಸ್‌ನಂಥ ಹಳೆಯ ಹೆಸರಿನ ಅಂಗಡಿಗೆ ಹೋಗುವವರು ಬ್ರೆಡ್ಡು, ಬೆಣ್ಣೆ, ಚೀಸ್‌ಗಾಗಿ ಹೋಗುತ್ತಾರೆ. ಅಲ್ಲಿ ತೊಗರಿಬೇಳೆಯ ದರ ಹೋಲಿಸುವುದು ವ್ಯರ್ಥ. ಮೈಸೂರಿನ ಲಾಯಲ್ ವರ್ಲ್ಡ್‌ನಂಥ ಸ್ಥಳೀಯ ಸರಣಿಗಳು ಊರಿನವರ ನಾಲಿಗೆಯ ರುಚಿ ಬಲ್ಲವು. ಹೊರಗಿನ ದೊಡ್ಡ ಸರಣಿಗಳಿಗೆ ಇದು ಅಷ್ಟು ಬೇಗ ದಕ್ಕುವುದಿಲ್ಲ.

ಎರಡು ಕಡೆ ಒಂದೇ ಚೀಟಿ

ಒಂದೇ ವಾರದೊಳಗೆ ಎರಡು ಅಥವಾ ಮೂರು ಅಂಗಡಿಗೆ ಹೋಗಿ ಚೀಟಿಯ ಅಷ್ಟೂ ದರಗಳನ್ನು ಬರೆದುಕೊಳ್ಳಿ. ಕೊಳ್ಳಲೇಬೇಕೆಂದಿಲ್ಲ, ಮೊಬೈಲಿನಲ್ಲಿ ರ್‍ಯಾಕ್‌ನ ದರಪಟ್ಟಿಯ ಫೋಟೊ ತೆಗೆದುಕೊಂಡರೂ ಸಾಕು. ಆದರೆ ಹೋಲಿಸಬೇಕಾದ್ದು ಪ್ಯಾಕೆಟ್‌ನ ದರವನ್ನಲ್ಲ, ತೂಕದ ದರವನ್ನು.

ಎಣ್ಣೆಯನ್ನೇ ತೆಗೆದುಕೊಳ್ಳಿ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಅದರ ಪಕ್ಕದಲ್ಲೇ ಅಷ್ಟೇ ಎತ್ತರದ, ಅಷ್ಟೇ ಅಗಲದ ಇನ್ನೊಂದು ಪೌಚ್ ಇರುತ್ತದೆ. ತಿರುಗಿಸಿ ನೋಡಿದರೆ ಸಣ್ಣ ಅಕ್ಷರದಲ್ಲಿ 850 ಗ್ರಾಂ. ಲೆಕ್ಕಕ್ಕೆಂದು ಲೀಟರಿನ ಪೌಚ್‌ಗೆ 150 ರೂಪಾಯಿ, ಇದಕ್ಕೆ 143 ರೂಪಾಯಿ ಎಂದಿಟ್ಟುಕೊಳ್ಳಿ. ಏಳು ರೂಪಾಯಿ ಉಳಿಯಿತೆಂದು ಕೈ ಎರಡನೆಯದಕ್ಕೇ ಹೋಗುತ್ತದೆ. 100 ಗ್ರಾಂ ಲೆಕ್ಕ ಹಾಕಿದರೆ ಮೊದಲನೆಯದು 16 ರೂಪಾಯಿ 48 ಪೈಸೆ, ಎರಡನೆಯದು 16 ರೂಪಾಯಿ 82 ಪೈಸೆ. ಇಂತಿಷ್ಟೇ ತೂಕದಲ್ಲಿ ಪ್ಯಾಕ್ ಮಾಡಬೇಕೆಂದು ಮೊದಲು ಕೆಲವು ಸಾಮಾನುಗಳಿಗೆ ನಿಯಮವಿತ್ತು. ಅದನ್ನು ತೆಗೆದುಹಾಕಿದ ಮೇಲೆ 850 ಗ್ರಾಂ, 180 ಮಿ.ಲೀ., 425 ಗ್ರಾಂ ಎಂಬ ವಿಚಿತ್ರ ಅಳತೆಗಳು ಹೆಚ್ಚಿವೆ. ಬೆಲೆ ಏರಿಸಿದರೆ ಗ್ರಾಹಕ ಗೊಣಗುತ್ತಾನೆ, ತೂಕ ಇಳಿಸಿದರೆ ಗಮನಿಸುವುದೇ ಇಲ್ಲ.

ಇದಕ್ಕೆ ಪ್ರತಿಯಾಗಿ ಬಂದದ್ದು ಪ್ಯಾಕೆಟ್ ಮೇಲೆ ಎಂ.ಆರ್.ಪಿ. ಪಕ್ಕದಲ್ಲಿ ಅಚ್ಚಾಗುವ ‘ಯೂನಿಟ್ ಸೇಲ್ ಪ್ರೈಸ್’. ಒಂದು ಕೆ.ಜಿ.ಗಿಂತ ಹೆಚ್ಚಿನ ಪ್ಯಾಕ್‌ಗೆ ಕೆ.ಜಿ. ದರ, ಅದಕ್ಕಿಂತ ಕಡಿಮೆಯದಕ್ಕೆ ಗ್ರಾಂ ದರ ಹಾಕಬೇಕು. ಒಳ್ಳೆಯ ನಿಯಮವೇ. ಆದರೆ ಅದು ಎಂ.ಆರ್.ಪಿ. ಮೇಲೆ ಹಾಕಿದ ಲೆಕ್ಕ. ಅಂಗಡಿಯವರು ಕೊಡುವ ರಿಯಾಯಿತಿ ಅದರಲ್ಲಿ ಸೇರಿರುವುದಿಲ್ಲ. ರಿಯಾಯಿತಿ ಕಳೆದು ಮೊಬೈಲಿನ ಕ್ಯಾಲ್ಕುಲೇಟರ್ ಒತ್ತುವ ಕೆಲಸ ನಿಮ್ಮದೇ. ‘ಎಂ.ಆರ್.ಪಿ. ಮೇಲೆ ಶೇ 40 ಕಡಿತ’ ಎಂಬ ಬೋರ್ಡಿಗೆ ಮರುಳಾಗಬೇಡಿ, ಎಂ.ಆರ್.ಪಿ.ಯನ್ನು ಎಷ್ಟು ಬೇಕಾದರೂ ಮೇಲಿಡುವ ಸ್ವಾತಂತ್ರ್ಯ ತಯಾರಕರಿಗಿದೆ.

ಅಕ್ಕಿ, ಬೇಳೆಗೆ ಈ ಲೆಕ್ಕವೂ ಸಾಲದು. ಬಿಡಿ ತೊಗರಿಬೇಳೆ ಕೆ.ಜಿ.ಗೆ ಹತ್ತು ರೂಪಾಯಿ ಕಡಿಮೆ ಸಿಕ್ಕಿತೆಂದು ತಂದು, ಕುಕ್ಕರಿನಲ್ಲಿ ಐದು ವಿಷಲ್ ಕೂಗಿಸಿದರೂ ಬೇಯದೆ ಉಳಿದರೆ ಉಳಿತಾಯ ಗ್ಯಾಸಿಗೆ ಹೋಯಿತು. ಇವೆರಡನ್ನು ಮೊದಲ ಸಲ ಒಂದೊಂದೇ ಕೆ.ಜಿ. ತಂದು ಬೇಯಿಸಿ ನೋಡಿ.

ಬಿಲ್ಲಿನ ಮೇಲೆ ಕೆಂಪು ಪೆನ್ನು

ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ದರದಲ್ಲಿ ಗೆದ್ದ ಅಂಗಡಿಯಲ್ಲಿ ಒಂದು ತಿಂಗಳ ಸಾಮಾನು ತನ್ನಿ. ಮನೆಗೆ ಬಂದು ಚೀಟಿ ಮತ್ತು ಬಿಲ್ಲನ್ನು ಪಕ್ಕಪಕ್ಕ ಇಟ್ಟು, ಚೀಟಿಯಲ್ಲಿಲ್ಲದೆ ಬಿಲ್ಲಿಗೆ ಬಂದದ್ದಕ್ಕೆಲ್ಲ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ. ಪ್ಲಾಸ್ಟಿಕ್ ಡಬ್ಬಿಗಳ ಸೆಟ್ಟು, ಒಂದಕ್ಕೊಂದು ಉಚಿತವೆಂದು ತಂದ ನೂಡಲ್ಸ್, ಮಕ್ಕಳು ಟ್ರಾಲಿಗೆ ಹಾಕಿದ ಚಾಕೊಲೇಟ್, ‘ಇರಲಿ, ಯಾವಾಗಲಾದರೂ ಬೇಕಾಗುತ್ತೆ’ ಎಂದು ತಂದ ಕಾಲೊರಸು. ಸುತ್ತು ಹಾಕಿದ್ದನ್ನು ಕೂಡಿ. ಚೀಟಿಯ ಸಾಮಾನಿನಲ್ಲಿ 300 ರೂಪಾಯಿ ಉಳಿಸಿ, ಕೆಂಪು ಸುತ್ತಿನಲ್ಲಿ 900 ಖರ್ಚಾಗಿದ್ದರೆ ಬೋರ್ಡು ಏನೇ ಹೇಳಲಿ, ಆ ಅಂಗಡಿ ನಿಮಗೆ ದುಬಾರಿ.

ಅಂಗಡಿಯ ಒಳವಿನ್ಯಾಸ ಆಗಿರುವುದೇ ಈ ಕೆಂಪು ಸುತ್ತಿಗಾಗಿ. ಎಲ್ಲರಿಗೂ ಬೇಕಾದ ಸಾಮಾನು ಹಿಂದಿನ ಗೋಡೆಯ ಬಳಿ ಇರುತ್ತದೆ, ಅಲ್ಲಿಗೆ ಹೋಗಬೇಕಾದರೆ ಉಳಿದದ್ದನ್ನೆಲ್ಲ ಹಾದೇ ಹೋಗಬೇಕು. ಕಣ್ಣಿನ ಮಟ್ಟದ ರ್‍ಯಾಕ್‌ನಲ್ಲಿ ಲಾಭ ಹೆಚ್ಚಿರುವ ಬ್ರ್ಯಾಂಡ್, ಮೊಣಕಾಲಿನ ಮಟ್ಟದಲ್ಲಿ ಅಗ್ಗದ್ದು. ಬಗ್ಗಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಬಿಲ್ಲಿಂಗ್ ಕೌಂಟರ್ ಹತ್ತಿರದ ಚಾಕೊಲೇಟ್ ಸರಿಯಾಗಿ ಆರು ವರ್ಷದ ಮಗುವಿನ ಕೈಗೆಟುಕುವ ಎತ್ತರದಲ್ಲಿರುತ್ತದೆ, ಅದು ಆಕಸ್ಮಿಕವಲ್ಲ. ಐದಾರು ಸಾಮಾನಿಗೆ ಹೋದಾಗ ಟ್ರಾಲಿ ಬೇಡ, ಕೈಬುಟ್ಟಿ ಹಿಡಿಯಿರಿ. ತೋಳು ನೋಯತೊಡಗಿದರೆ ಆಸೆ ತಾನಾಗಿ ಇಳಿಯುತ್ತದೆ.

ಹೋಗಿಬರುವ ಖರ್ಚು

ಅಂಗಡಿ ಆರು ಕಿ.ಮೀ. ದೂರವಿದೆ ಎನ್ನೋಣ. ಲೀಟರಿಗೆ 45 ಕಿ.ಮೀ. ಕೊಡುವ ಸ್ಕೂಟರಿನಲ್ಲಿ ಹೋಗಿಬರಲು ಇಪ್ಪತ್ತೇಳು ರೂಪಾಯಿಯ ಪೆಟ್ರೋಲ್ ಸಾಕು. ಊರೊಳಗೆ ಲೀಟರಿಗೆ 14 ಕೊಡುವ ಕಾರಾದರೆ ತೊಂಬತ್ತರ ಹತ್ತಿರ. ಬೆಂಗಳೂರಿನಲ್ಲಿ 2025ರ ಆಗಸ್ಟ್‌ನಿಂದ ಆಟೊ ದರ ಮೊದಲ ಎರಡು ಕಿ.ಮೀ.ಗೆ 36, ನಂತರ ಪ್ರತಿ ಕಿ.ಮೀ.ಗೆ 18 ರೂಪಾಯಿ. ಅಂದರೆ ಹೋಗಲು 108, ಬರಲು 108, ಅದೂ ಮೀಟರ್ ಹಾಕುವ ಪುಣ್ಯಾತ್ಮ ಸಿಕ್ಕಿದರೆ. ತಿಂಗಳಿಗೊಮ್ಮೆ ಹೋದರೆ ತಾಳಬಹುದು. ವಾರಕ್ಕೊಮ್ಮೆ ಎಂದರೆ ಪಕ್ಕದ ಬೀದಿಯ ದಿನಸಿ ಅಂಗಡಿಯೇ ಲೇಸು. ಅಲ್ಲಿ ತಿಂಗಳ ಕೊನೆಯಲ್ಲಿ ಉದ್ರಿಯೂ ಸಿಗುತ್ತದೆ.

ಹತ್ತು ನಿಮಿಷದಲ್ಲಿ ಮನೆಗೆ ತಂದುಕೊಡುವ ಆ್ಯಪ್‌ಗಳನ್ನೂ ಇದೇ ಚೀಟಿಯಿಂದ ಅಳೆಯಿರಿ. ಸಾಮಾನಿನ ದರದ ಜೊತೆ ಡೆಲಿವರಿ ಶುಲ್ಕ, ಹ್ಯಾಂಡ್ಲಿಂಗ್ ಶುಲ್ಕ, ಸಣ್ಣ ಆರ್ಡರ್‌ನ ಶುಲ್ಕ ಎಲ್ಲ ಸೇರಿದ ಕೊನೆಯ ಮೊತ್ತ ನೋಡಿ. ಒಗ್ಗರಣೆಗೆ ಇಟ್ಟಾಗ ಸಾಸಿವೆ ಮುಗಿದದ್ದು ಗೊತ್ತಾದರೆ ಅವು ಆಪದ್ಬಾಂಧವರು, ತಿಂಗಳ ದಿನಸಿಗೆ ಅಲ್ಲ.

ಕೈಯಿಂದ ಮುಟ್ಟಿ ನೋಡಿ

ದರ ಒಪ್ಪಿಗೆಯಾದ ಅಂಗಡಿಯನ್ನು ಒಮ್ಮೆ ಬಿಡುವಿನ ಹೊತ್ತಿನಲ್ಲಿ, ವಾರದ ನಡುವೆ ಬೆಳಿಗ್ಗೆ ಹೋಗಿ ಪರೀಕ್ಷಿಸಿ. ಫ್ರೀಜರ್‌ನಲ್ಲಿರುವ ಬಟಾಣಿ ಪ್ಯಾಕೆಟ್ ಹಿಡಿದು ಅಲ್ಲಾಡಿಸಿದರೆ ಕಾಳು ಬಿಡಿಬಿಡಿಯಾಗಿ ಸರಿದಾಡಬೇಕು. ಇಡೀ ಪ್ಯಾಕೆಟ್ ಒಂದೇ ಗಟ್ಟಿಯಾಗಿದ್ದರೆ ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದೆ ಎಂದರ್ಥ. ರಾತ್ರಿ ಕರೆಂಟ್ ಉಳಿಸಲು ಫ್ರೀಜರ್ ಆರಿಸುವ ಅಂಗಡಿಯಲ್ಲಿ ಮೊಸರು, ಪನ್ನೀರ್ ಕೊಳ್ಳಬೇಡಿ. ರವೆ, ಕಡಲೆಹಿಟ್ಟಿನ ಪ್ಯಾಕೆಟ್‌ಗಳ ಮೂಲೆಯಲ್ಲಿ ಜೇಡರ ಬಲೆಯಂಥ ತೆಳ್ಳನೆಯ ಎಳೆ ಕಂಡರೆ ಒಳಗೆ ಹುಳು ಬಿದ್ದಿದೆ. ಸಾಲಿನ ಮುಂದಿನ ಪ್ಯಾಕೆಟ್‌ನ ತಾರೀಖನ್ನು ಹಿಂದಿನದರ ಜೊತೆ ಹೋಲಿಸಿ: ಹಳೆಯದು ಮುಂದೆ, ಹೊಸದು ಹಿಂದೆ ಇಡುವುದು ಎಲ್ಲ ಕಡೆಯ ಪದ್ಧತಿ, ಅದರಲ್ಲಿ ತಪ್ಪಿಲ್ಲ. ಅವಧಿ ಮೀರಿದ್ದು ರ್‍ಯಾಕ್‌ನಲ್ಲೇ ಉಳಿದಿದ್ದರೆ ಮಾತ್ರ ಆ ಅಂಗಡಿಯಲ್ಲಿ ನೋಡಿಕೊಳ್ಳುವವರಿಲ್ಲ. ಒಂದಕ್ಕೊಂದು ಉಚಿತ ಎಂಬ ರಾಶಿಯಲ್ಲಂತೂ ತಾರೀಖು ನೋಡದೆ ಕೈ ಹಾಕಬೇಡಿ.

ಹಂಚಿ ಕೊಳ್ಳುವುದು

ಎಲ್ಲವನ್ನೂ ಒಂದೇ ಕಡೆ ಕೊಳ್ಳಬೇಕೆಂಬ ಹಟ ಬಿಟ್ಟರೆ ಆಯ್ಕೆ ಸುಲಭ. ಎಣ್ಣೆ, ಸಕ್ಕರೆ, ಸೋಪು, ಟೂತ್‌ಪೇಸ್ಟ್, ಬಟ್ಟೆ ಒಗೆಯುವ ಪುಡಿಯನ್ನು ಚೀಟಿಯಲ್ಲಿ ಗೆದ್ದ ಸೂಪರ್‌ಮಾರ್ಕೆಟ್‌ನಿಂದ ತಿಂಗಳಿಗೊಮ್ಮೆ ತನ್ನಿ. ಅಕ್ಕಿಯನ್ನು ಮೂಟೆ ಲೆಕ್ಕದಲ್ಲಿ ಗೊತ್ತಿರುವ ಅಕ್ಕಿ ಮಂಡಿಯಿಂದ. ಸಾಂಬಾರ ಪದಾರ್ಥಕ್ಕೆ ಬೆಂಗಳೂರಿನವರು ತರಗುಪೇಟೆಗೆ ವರ್ಷಕ್ಕೆರಡು ಸಲ ಹೋದರೆ ಸಾಕು. ಹಾಲು ನಂದಿನಿ ಬೂತಿನಲ್ಲಿ. ತರಕಾರಿಯನ್ನು ಸೂಪರ್‌ಮಾರ್ಕೆಟ್‌ನಲ್ಲಿ ಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಪ್ಲಾಸ್ಟಿಕ್ ಸುತ್ತಿದ ಸೊಪ್ಪು ಮನೆಗೆ ಬರುವಷ್ಟರಲ್ಲಿ ಬೆವರಿ ಕೊಳೆಯುತ್ತದೆ. ಬೀದಿಯ ಗಾಡಿ ಅಥವಾ 1959ರಿಂದ ರೈತರ ಸಹಕಾರದಲ್ಲಿ ನಡೆದುಬಂದ ಹಾಪ್‌ಕಾಮ್ಸ್ ಮಳಿಗೆ ವಾಸಿ. ಹಾಪ್‌ಕಾಮ್ಸ್‌ನಲ್ಲಿ ದಿನದ ದರ ಬೋರ್ಡಿನ ಮೇಲೇ ಇರುತ್ತದೆ, ಚೌಕಾಸಿ ಬಾರದವರಿಗೆ ಅದು ದೊಡ್ಡ ಸಮಾಧಾನ.

ಬಾಗಿಲು ದಾಟುವ ಮುನ್ನ

ರ್‍ಯಾಕ್‌ನಲ್ಲಿ ಬರೆದ ದರವೇ ಬಿಲ್ಲಿನಲ್ಲಿ ಬಂದಿದೆಯೇ ಎಂದು ಕೌಂಟರಿನ ಪಕ್ಕಕ್ಕೆ ಸರಿದು ನೋಡಿ. ಆಫರ್ ಮುಗಿದರೂ ಬೋರ್ಡು ತೆಗೆಯದಿರುವುದು, ಒಂದೇ ಸಾಮಾನು ಎರಡು ಸಲ ಸ್ಕ್ಯಾನ್ ಆಗುವುದು ಸಾಮಾನ್ಯ. ಇಂಥದ್ದನ್ನು ತೋರಿಸಿದ ಕೂಡಲೇ ಮುಖ ಗಂಟಿಕ್ಕದೆ ಸರಿಪಡಿಸಿದರೆ ಆ ಅಂಗಡಿಗೆ ಎರಡನೆಯ ಸಲ ಹೋಗಬಹುದು. ‘ಮಾರಿದ ಮಾಲು ವಾಪಸ್ ಇಲ್ಲ’ ಎಂಬ ಫಲಕಕ್ಕೆ ಹೆದರಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷವಿರುವ ಸಾಮಾನನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ ವಾಪಸ್ ತೆಗೆದುಕೊಳ್ಳಲು ನಿರಾಕರಿಸುವುದು ಅನುಚಿತ ವ್ಯಾಪಾರ. ಬಿಲ್ ಕೊಡದಿರುವುದೂ ಹಾಗೆಯೇ. ಮೊಬೈಲ್ ನಂಬರ್ ಕೊಟ್ಟರೇ ಬಿಲ್ ಎಂದು ಪಟ್ಟು ಹಿಡಿಯಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರಲ್ಲೇ ವ್ಯಾಪಾರಿಗಳಿಗೆ ತಿಳಿಸಿದೆ. ‘ಕೊಡುವುದಿಲ್ಲ’ ಎಂದರೆ ಆಯಿತು. ಮೊದಲೇ ತಿಳಿಸದೆ ಕೌಂಟರಿನಲ್ಲಿ ಕೈಚೀಲಕ್ಕೆ ದುಡ್ಡು ಹಾಕುವುದನ್ನು ರಾಷ್ಟ್ರೀಯ ಗ್ರಾಹಕ ಆಯೋಗ 2020ರಲ್ಲಿ ತಪ್ಪೆಂದು ಹೇಳಿದೆ. ಆದರೂ ಮನೆಯಿಂದ ಎರಡು ಬಟ್ಟೆ ಚೀಲ ಒಯ್ದರೆ ವಾದವೇ ಬೇಡ.

ಅಂಗಡಿಯವರು ಮಾತಿಗೆ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು. ಅದಕ್ಕೆ ಬಿಲ್ ಬೇಕು. ಸೂಪರ್‌ಮಾರ್ಕೆಟ್ ಬಿಲ್‌ಗಳು ಥರ್ಮಲ್ ಕಾಗದದವು, ಅಡುಗೆಮನೆಯ ಬಿಸಿಗೆ ಅಕ್ಷರಗಳು ಬೇಗ ಮಾಸುತ್ತವೆ. ಮನೆಗೆ ಬಂದ ದಿನವೇ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಡಿ. ಮುಂದಿನ ಚೀಟಿಗೂ ಅದು ಬೇಕಾಗುತ್ತದೆ.