ಚೆಂಡು ಯಾರದು?

ಹುಡುಗಿಯು ಆಟದ ಬಯಲಿನಿಂದ ಮನೆಗೆ ಬಂದೊಡನೆ ಹೆತ್ತವರು ಕೇಳುವ ಮೊದಲನೆಯ ಪ್ರಶ್ನೆ, ‘ನೀನು ಎಷ್ಟು ಸಾರಿ ಬುಟ್ಟಿಗೆ ಹಾಕಿದೆ?’ ಎಂಬುದು. ಅದು ತಪ್ಪಲ್ಲ, ಆದರೆ ಬಾಸ್ಕೆಟ್‌ಬಾಲ್ ಹುಟ್ಟಿದ ಬಗೆಯನ್ನು ಬಲ್ಲವರು ಇನ್ನೊಂದು ಪ್ರಶ್ನೆಯನ್ನೂ ಕೇಳಿಯಾರು.

1891ನೆಯ ಡಿಸೆಂಬರಿನಲ್ಲಿ ಅಮೇರಿಕಾದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು, ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು 10 ಅಡಿ ಎತ್ತರದಲ್ಲಿ ಮೊಳೆ ಹೊಡೆದು ನಿಲ್ಲಿಸಿ, ಈ ಆಟವನ್ನು ಆರಂಭಿಸಿದರು. ಚೆಂಡು ಹಿಡಿದವನು ಓಡಕೂಡದು, ಹಿಡಿದ ಸ್ಥಳದಿಂದಲೇ ಎಸೆಯಬೇಕು ಎಂಬುದು ಅವರ 13 ನಿಯಮಗಳಲ್ಲಿ ಒಂದು. ಆದಕಾರಣ ಒಬ್ಬನೇ ಆಡುವುದಕ್ಕೆ ದಾರಿಯೇ ಇರಲಿಲ್ಲ. ಚೆಂಡನ್ನು ನೆಲಕ್ಕೆ ಪುಟಿಸುತ್ತಾ ಸಾಗುವ ಕ್ರಮವು ತರುವಾಯ ಬಂದದ್ದು. ಸ್ವಾರ್ಥಕ್ಕೆ ಬಾಗಿಲು ತೆರೆದದ್ದೂ ಅದೇ ಎಂದು ನಮಗೆ ತೋರುತ್ತದೆ.

ಸ್ಮಿತ್ ಕಾಲೇಜಿನ ಸೆಂಡಾ ಬೆರೆನ್ಸನ್ ಎಂಬ ಉಪಾಧ್ಯಾಯಿನಿಯು ಇದನ್ನು ಹೆಣ್ಣುಮಕ್ಕಳಿಗೆ ಕಲಿಸಿದಾಗ, ಅಂಗಣವನ್ನು ಮೂರು ಭಾಗ ಮಾಡಿ, ಚೆಂಡನ್ನು ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ಯಾರೂ ಇಟ್ಟುಕೊಳ್ಳಬಾರದೆಂದು ವಿಧಿಸಿದರು. ಹುಡುಗಿಯರಿಗೆ ಹೆಚ್ಚು ಓಟ ಸಲ್ಲದೆಂಬ ಆ ಕಾಲದ ಅಂಜಿಕೆಯೂ ಇದರಲ್ಲಿ ಇತ್ತು. ಅದು ಹುಸಿಯೆಂದು ನಮ್ಮ ಹುಡುಗಿಯರು ದಿನವೂ ತೋರಿಸುತ್ತಾರೆ. ಆ ಗೆರೆಗಳು ಈಗ ಅಳಿದಿವೆ.

ಗೆರೆ ಅಳಿದ ಅಂಗಣದಲ್ಲಿ ಏನಾಗುತ್ತದೆ? ಚತುರೆಯಾದ ಒಬ್ಬಳು ಚೆಂಡನ್ನು ಬಿಡದೆ ಪುಟಿಸುತ್ತಾಳೆ. ಎದುರು ಪಕ್ಷದ ಇಬ್ಬರು ಬಂದು ಅವಳನ್ನು ಅಡ್ಡಗಟ್ಟುತ್ತಾರೆ. ಇಬ್ಬರು ಅವಳನ್ನೇ ಕಾಯುತ್ತಿರುವಾಗ ಅವಳ ಜೊತೆಯವಳೊಬ್ಬಳು ಕಾವಲಿಲ್ಲದೆ, ಬುಟ್ಟಿಯ ಕೆಳಗೆ ಕೈಯೆತ್ತಿ ನಿಂತಿರುತ್ತಾಳೆ. ಅವಳ ಕಡೆಗೆ ಚೆಂಡು ಬರುವುದಿಲ್ಲ. ಮೂರು ನಾಲ್ಕು ಸಾರಿ ಹೀಗಾದ ಮೇಲೆ ಅವಳು ಕೈ ಇಳಿಸುತ್ತಾಳೆ, ಓಡುವುದನ್ನೂ ಬಿಡುತ್ತಾಳೆ. ಕಡೆಗೆ ಎಂದೋ ಒಮ್ಮೆ ಚೆಂಡು ಬಂದಾಗ ಬೆಚ್ಚಿ ಕೈಜಾರಿಸುತ್ತಾಳೆ. ಆಗ ಚತುರೆಯು, ‘ನೋಡಿರಿ, ಇವಳಿಗೆ ಕೊಟ್ಟರೆ ಹೀಗೆಯೇ’ ಎನ್ನುತ್ತಾಳೆ! ಅವಳ ಕೈ ಮರಗಟ್ಟಿದ್ದು ಯಾರಿಂದ? ಇಂತಹ ಹುಡುಗಿಯರು ಮರುವರ್ಷ ಆಟಕ್ಕೆ ಹೆಸರನ್ನೇ ಕೊಡದಿರುವುದನ್ನು ನಾವು ಕಂಡಿದ್ದೇವೆ. ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಕೆಲವರಿಗೆ ಇದು ನೆನಪಿರಬಹುದು.

ಬುಟ್ಟಿಯ ಎದುರಿಗೇ ನಿಂತಿದ್ದರೂ ತಪ್ಪೀತೆಂಬ ಭಯದಿಂದ ಚೆಂಡನ್ನು ಇನ್ನೊಬ್ಬಳ ಕಡೆಗೆ ತಳ್ಳಿಬಿಡುವವಳೂ ಉಂಟು. ಅದನ್ನು ನಾವು ಔದಾರ್ಯವೆಂದು ಎಣಿಸೆವು.

ಈಗ ನಾವು ಪಂದ್ಯದ ಪುಸ್ತಕದಲ್ಲಿ, ಬುಟ್ಟಿಗೆ ಹಾಕಿದವಳ ಹೆಸರಿನ ಪಕ್ಕದಲ್ಲಿ ಆ ಚೆಂಡನ್ನು ಒದಗಿಸಿಕೊಟ್ಟವಳ ಹೆಸರನ್ನೂ ಬರೆಯುತ್ತಿದ್ದೇವೆ. ಹೆತ್ತವರು ಶಾಲೆಗೆ ದಯಮಾಡಿಸಿದಾಗ ಆ ಪುಸ್ತಕವನ್ನು ಕೇಳಿ ನೋಡಬಹುದು.